ಒಬ್ಬಳ ಪುಸ್ತಕ, ಇನ್ನೊಬ್ಬಳ ಮುನ್ನುಡಿ

1910ರಲ್ಲಿ ಮದ್ರಾಸಿನ ವಾವಿಳ್ಳ ರಾಮಸ್ವಾಮಿ ಶಾಸ್ತ್ರುಲು ಅಂಡ್ ಸನ್ಸ್ ಒಂದು ತೆಲುಗು ಕಾವ್ಯವನ್ನು ಪ್ರಕಟಿಸಿತು. ಅದರ ಹೆಸರು ‘ರಾಧಿಕಾ ಸಾಂತ್ವನಮು’. ಬರೆದವಳು ಮುದ್ದುಪಳನಿ, ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ಮರಾಠ ದೊರೆ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಗಣಿಕೆ. ಆ ಕಾವ್ಯವನ್ನು ಹುಡುಕಿ, ಪಾಠ ತಿದ್ದಿ, ಮುನ್ನುಡಿ ಬರೆದು ಅಚ್ಚಿಗೆ ಕೊಟ್ಟವರು ಬೆಂಗಳೂರು ನಾಗರತ್ನಮ್ಮ. ಇಬ್ಬರ ನಡುವೆ ಸುಮಾರು ಒಂದೂವರೆ ಶತಮಾನದ ಅಂತರ. ಹಾಗಿದ್ದರೂ ದಕ್ಷಿಣ ಭಾರತದಲ್ಲಿ ಹೆಣ್ಣುಮಕ್ಕಳು ಕೂಡಿ ಮಾಡಿದ ಕೆಲಸಗಳನ್ನು ಲೆಕ್ಕ ಹಾಕುವಾಗ ಈ ಪುಸ್ತಕದಿಂದ ಶುರುಮಾಡುವುದೇ ಸರಿ. ಕೂಡಿ ಕೆಲಸ ಮಾಡುವವರು ಒಂದೇ ಜಗಲಿಯ ಮೇಲೆ ಕೂತಿರಬೇಕೆಂದೇನೂ ಇಲ್ಲ.

ನಾಗರತ್ನಮ್ಮನವರಿಗಿಂತ ಮೊದಲೇ ಈ ಕಾವ್ಯ ಅಚ್ಚಾಗಿತ್ತು. ತೆಲುಗು ವಿದ್ವಾಂಸ ಸಿ.ಪಿ. ಬ್ರೌನನ ಜೊತೆ ಕೆಲಸ ಮಾಡಿದ್ದ ಪೈಡಿಪಾಟಿ ವೆಂಕಟನರಸು 1887ರಲ್ಲಿ ಅದನ್ನು ಹೊರತಂದಿದ್ದರು. 1907ರಲ್ಲಿ ಮರುಮುದ್ರಣವೂ ಆಯಿತು. ಅದು ನಾಗರತ್ನಮ್ಮನವರ ಕೈಗೆ ಬಂತು. ಓದಿದರು, ಮೆಚ್ಚಿದರು, ಆದರೆ ಎಲ್ಲೋ ಏನೋ ಕಳೆದುಹೋಗಿದೆ ಅನ್ನಿಸಿತು. ಕೈಬರಹದ ಪ್ರತಿಯೊಂದನ್ನು ಸಂಪಾದಿಸಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಗೊತ್ತಾಯಿತು: ಅಚ್ಚಿನ ಪ್ರತಿಯಲ್ಲಿ ಕೆಲವು ಪದ್ಯಗಳಿರಲಿಲ್ಲ, ಕಾವ್ಯದ ಪೀಠಿಕೆಯೂ ಇರಲಿಲ್ಲ. ಮುದ್ದುಪಳನಿ ತಾನು ಯಾರು, ಯಾರ ಮೊಮ್ಮಗಳು ಎಂದು ಹೇಳಿಕೊಂಡದ್ದು ಅದೇ ಪೀಠಿಕೆಯಲ್ಲಿ. ತನ್ನ ಅಜ್ಜಿ ತಂಜನಾಯಕಿಯನ್ನು ಅವಳು ಅಲ್ಲಿ ಹೆಸರು ಹಿಡಿದು ನೆನೆಯುತ್ತಾಳೆ. ತಾನು ವಿದ್ವಾಂಸರನ್ನು ಸತ್ಕರಿಸಿದ್ದನ್ನೂ ತನಗೆ ಕಾವ್ಯಗಳು ಅಂಕಿತವಾದದ್ದನ್ನೂ ಸಂಕೋಚವಿಲ್ಲದೆ ಹೇಳುತ್ತಾಳೆ.

ಕೈಬಿಡಲು ಬೇರೆ ಪುಟ ಸಿಗಲಿಲ್ಲವೇ? ಶೃಂಗಾರದ ಪದ್ಯಗಳನ್ನು ಕತ್ತರಿಸಿದ್ದರೆ ಅದಕ್ಕೆ ಆ ಕಾಲದ ಒಂದು ಕಾರಣವಾದರೂ ಇರುತ್ತಿತ್ತು. ಕವಿಯೊಬ್ಬಳು ತನ್ನ ಅಜ್ಜಿಯ ಹೆಸರು ಹೇಳುವ ಪದ್ಯದಲ್ಲಿ ಯಾರ ಕಣ್ಣಿಗೆ ಏನು ಚುಚ್ಚಿತೋ ಊಹಿಸುವುದು ಕಷ್ಟ. ಅದು ಯಾರಿಗೂ ಮುಖ್ಯ ಅನ್ನಿಸಿರಲಾರದು, ಅಷ್ಟೆ. ಈ ಉಪನ್ಯಾಸ ಹಿಂಬಾಲಿಸುವುದು ಇದೊಂದೇ ಎಳೆಯನ್ನು: ಹೆಣ್ಣುಮಕ್ಕಳ ಕೃತಿ ಉಳಿದಾಗಲೂ ಅದು ಯಾರಿಂದ ಬಂತು, ಯಾರ ಜೊತೆ ಆಯಿತು ಎನ್ನುವ ಪುಟ ಮೊದಲು ಉದುರುತ್ತದೆ. ಅದನ್ನು ಹುಡುಕಿ ಮತ್ತೆ ಹೊಲಿಯುವವಳು ಸಾಮಾನ್ಯವಾಗಿ ಇನ್ನೊಬ್ಬ ಹೆಣ್ಣುಮಗಳು.

ನಾಗರತ್ನಮ್ಮ ಹುಟ್ಟಿದ್ದು 1878ರಲ್ಲಿ, ನಂಜನಗೂಡಿನಲ್ಲಿ. ತಾಯಿ ಪುಟ್ಟಲಕ್ಷ್ಮಮ್ಮ ದೇವದಾಸಿ ಮನೆತನದವರು. ಆಶ್ರಯ ಕೊಟ್ಟಿದ್ದ ವಕೀಲ ಕೈಬಿಟ್ಟ ಮೇಲೆ ಮಗಳನ್ನು ಕಟ್ಟಿಕೊಂಡು ಮೈಸೂರಿಗೆ ಬಂದು, ಸಂಸ್ಕೃತ, ಸಂಗೀತ, ನಾಟ್ಯ ಮೂರನ್ನೂ ಕಲಿಸಲು ಹಠ ಹಿಡಿದ ತಾಯಿ ಅವರು. ಮಗಳು ಮುಂದೆ ಬೆಂಗಳೂರಿನಲ್ಲಿ ಹೆಸರು ಮಾಡಿ ಮದ್ರಾಸು ಸೇರಿದರು. ಅಲ್ಲಿನ ಜಾರ್ಜ್ ಟೌನಿನಲ್ಲಿ ಆಗ ವೀಣೆ ಧನಮ್ಮಾಳ್ ಶುಕ್ರವಾರದ ಸಂಜೆ ತಮ್ಮ ಮನೆಯಲ್ಲೇ ನುಡಿಸುತ್ತಿದ್ದರು. ದೊಡ್ಡ ದೊಡ್ಡ ವಿದ್ವಾಂಸರು ಚಾಪೆಯ ಮೇಲೆ ಕೂತು ಕೇಳುತ್ತಿದ್ದರು. ಆ ಮನೆಯಲ್ಲಿ ವಿದ್ಯೆ ಇಳಿದದ್ದು ಅಜ್ಜಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ. ಧನಮ್ಮಾಳ್ ಮೊಮ್ಮಗಳು ಬಾಲಸರಸ್ವತಿ ಕುಣಿಯುವಾಗ ಹಾಡುತ್ತಿದ್ದವರು ತಾಯಿ ಜಯಮ್ಮಾಳ್. ಇಂಥ ಮನೆಗಳ ಲೋಕದಲ್ಲಿ ಬೆಳೆದ ನಾಗರತ್ನಮ್ಮನವರಿಗೆ ಪೀಠಿಕೆಯಲ್ಲಿ ಅಜ್ಜಿ ಕಾಣೆಯಾದದ್ದು ಕಣ್ಣಿಗೆ ಬೀಳದೆ ಇರಲು ಸಾಧ್ಯವಿರಲಿಲ್ಲ.

ತೆಲುಗು ನಾಡಿನ ದೊಡ್ಡ ಸಮಾಜ ಸುಧಾರಕ ಕಂದುಕೂರಿ ವೀರೇಶಲಿಂಗಂ ಕವಿಚರಿತ್ರೆ ಬರೆಯುವಾಗ ಮುದ್ದುಪಳನಿಯ ಕಾವ್ಯವನ್ನು ಹಳಿದಿದ್ದರು. ಹೆಂಗಸರು ಆಡುವುದಿರಲಿ, ಕೇಳಲೂ ಬಾರದ ಮಾತುಗಳು ಅದರಲ್ಲಿವೆ ಎನ್ನುವುದು ಅವರ ಆಕ್ಷೇಪ. ವಿಧವಾ ವಿವಾಹಕ್ಕಾಗಿ ಊರನ್ನೇ ಎದುರು ಹಾಕಿಕೊಂಡವರು ಅವರು. ಕಾವ್ಯದ ಹೆಣ್ಣಿಗೆ ಮಾತ್ರ ಬೇರೆ ತಕ್ಕಡಿ ತಂದರು. ನಾಗರತ್ನಮ್ಮ ತಮ್ಮ ಬರಹದಲ್ಲಿ ಇದಕ್ಕೆ ನೇರವಾಗಿಯೇ ಉತ್ತರ ಕೊಟ್ಟರು: ನಾಚಿಕೆ ಹೆಣ್ಣಿಗೆ ಮಾತ್ರ ಹುಟ್ಟುಗುಣವೇ, ಗಂಡಸು ಬರೆದ ಶೃಂಗಾರಕ್ಕೆ ಈ ನಿಯಮ ಯಾಕಿಲ್ಲ ಎಂಬುದು ಅದರ ತಾತ್ಪರ್ಯ. ಸುಧಾರಕರೊಬ್ಬರನ್ನು ದೇವದಾಸಿಯೊಬ್ಬರು ಅಚ್ಚಿನಲ್ಲಿ ಹೀಗೆ ಪ್ರಶ್ನಿಸಿದ್ದು ಆ ದಿನಗಳಲ್ಲಿ ಸಣ್ಣ ಮಾತಲ್ಲ.

ಫಲ ಬೇಗ ಬಂತು. ದೂರು ಹೋಯಿತು, ಸರ್ಕಾರ ಪುಸ್ತಕವನ್ನು ಅಶ್ಲೀಲವೆಂದು ತೀರ್ಮಾನಿಸಿತು, ಪ್ರತಿಗಳು ಜಪ್ತಿಯಾದವು. ನಿಷೇಧ ತೆಗೆಸಲು ಟಂಗುಟೂರಿ ಪ್ರಕಾಶಂ ಮದ್ರಾಸ್ ಪ್ರಾಂತ್ಯದ ಮುಖ್ಯಸ್ಥರಾಗುವವರೆಗೆ ಕಾಯಬೇಕಾಯಿತು. ವಾವಿಳ್ಳದವರು ಮತ್ತೆ ಅಚ್ಚು ಹಾಕಿದ್ದು 1952ರಲ್ಲಿ. ಅದೇ ವರ್ಷದ ಮೇ ತಿಂಗಳಲ್ಲಿ ನಾಗರತ್ನಮ್ಮ ತೀರಿಕೊಂಡರು.

ಅವರ ಇನ್ನೊಂದು ಕೆಲಸ ಸಂಗೀತ ಬಲ್ಲವರಿಗೆಲ್ಲ ಗೊತ್ತಿದೆ, ಅರ್ಧ ಮಾತ್ರ ಗೊತ್ತಿದೆ. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿ ಪಾಳುಬಿದ್ದಿದೆ ಎಂದು ಮೈಸೂರಿನ ಬಿಡಾರಂ ಕೃಷ್ಣಪ್ಪನವರು ನಾಗರತ್ನಮ್ಮನವರಿಗೆ ತಿಳಿಸಿದರು. 1921ರಲ್ಲಿ ನಾಗರತ್ನಮ್ಮ ಕೆಲಸಕ್ಕೆ ಕೈಹಾಕಿದರು. ಜಾಗ ಪಡೆದು, ಕೈಯ ದುಡ್ಡು ಹಾಕಿ ಗುಡಿ ಕಟ್ಟಿಸಿದರು. 1925ರಲ್ಲಿ ಪ್ರತಿಷ್ಠೆಯಾಯಿತು. ಇಷ್ಟು ಎಲ್ಲರೂ ಹೇಳುವ ಕಥೆ.

ಉಳಿದರ್ಧ ಹೀಗೆ. ಆಗ ಅಲ್ಲಿ ತ್ಯಾಗರಾಜರ ಆರಾಧನೆ ನಡೆಸುತ್ತಿದ್ದ ವಿದ್ವಾಂಸರಲ್ಲಿ ಎರಡು ಬಣಗಳಿದ್ದವು: ಪೆರಿಯ ಕಚ್ಚಿ, ಚಿನ್ನ ಕಚ್ಚಿ, ಅಂದರೆ ದೊಡ್ಡ ಪಕ್ಷ, ಸಣ್ಣ ಪಕ್ಷ. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲವಾದರೂ ಒಂದು ವಿಷಯದಲ್ಲಿ ಇಬ್ಬರಿಗೂ ಒಮ್ಮತ. ಹೆಂಗಸರು ಸನ್ನಿಧಿಯಲ್ಲಿ ಹಾಡಕೂಡದು. ಗುಡಿ ಕಟ್ಟಿಸಿದವರು ಆ ಗುಡಿಯ ಮುಂದೆ ಕೂತು ತ್ಯಾಗರಾಜರ ಒಂದು ಕೃತಿ ಹಾಡುವಂತಿಲ್ಲ!

ನಾಗರತ್ನಮ್ಮ ಜಗಳಕ್ಕೆ ನಿಲ್ಲಲಿಲ್ಲ, ಬೇಡಿಕೊಳ್ಳಲೂ ಇಲ್ಲ. 1927ರಲ್ಲಿ ಹೆಂಗಸರನ್ನೇ ಕರೆದು, ಗುಡಿಯ ಹಿಂಭಾಗದಲ್ಲಿ ಬೇರೆ ಕಛೇರಿ ಶುರುಮಾಡಿದರು. ಊರವರು ಅದಕ್ಕೆ ‘ಪೆಣ್‌ಗಳ್ ಕಚ್ಚಿ’ ಎಂದು ಹೆಸರಿಟ್ಟರು, ಹೆಂಗಸರ ಪಕ್ಷ. ಮುಂದೆ ಎರಡು ಗಂಡಸರ ಪಕ್ಷ, ಹಿಂದೆ ಒಂದು ಹೆಂಗಸರ ಪಕ್ಷ, ನಡುವೆ ತ್ಯಾಗರಾಜರು. ಹಾಡಲು ಬಂದ ಹೆಂಗಸರಲ್ಲಿ ಹೆಚ್ಚಿನವರು ದೇವದಾಸಿ ಮನೆತನದವರೇ. ಊರೂರು ಸುತ್ತಿ ಕಛೇರಿ ಮಾಡುವ ಈ ಹೆಂಗಸರಿಗೆ ವರ್ಷಕ್ಕೊಮ್ಮೆ ಒಂದೇ ಕಡೆ ಸೇರಿ, ಒಬ್ಬರ ಪಾಠಾಂತರವನ್ನು ಇನ್ನೊಬ್ಬರು ಕೇಳುವ ಅವಕಾಶ ಸಿಕ್ಕಿದ್ದು ಹೀಗೆ. ಕಲಾವಿದೆಯರಿಗೆ ಒಬ್ಬರಿಂದೊಬ್ಬರಿಗೆ ಸಿಗುವ ಪ್ರೇರಣೆ ಎಂದು ಇವತ್ತು ಹಾರ ಹಾಕಿಸಿಕೊಂಡು ಹೇಳುವ ಮಾತಿಗೆ ಆ ಹಿಂಭಾಗದಲ್ಲಿ ಬೇಕಾದದ್ದು ಒಂದು ಚಪ್ಪರ, ತಂಬೂರಿ, ಬಂದವರಿಗೆ ಊಟ. ಅದಕ್ಕೆ ದುಡ್ಡು ಕೊಡಲು ಒಬ್ಬರು ತಯಾರಿದ್ದರು.

1941ರಲ್ಲಿ ಮೂರು ಪಕ್ಷಗಳೂ ಒಂದಾದವು. ಈಗ ಪುಷ್ಯ ಬಹುಳ ಪಂಚಮಿಯ ಬೆಳಿಗ್ಗೆ ಪಂಚರತ್ನ ಗೋಷ್ಠಿಯನ್ನು ಟಿ.ವಿ.ಯಲ್ಲಿ ನೋಡುವವರಿಗೆ ಗಂಡಸರೂ ಹೆಂಗಸರೂ ಸಾಲಾಗಿ ಕೂತು ನಾಟ, ಗೌಳ, ಆರಭಿ, ವರಾಳಿ, ಶ್ರೀ ಎಂದು ಕ್ರಮವಾಗಿ ಹಾಡುವುದು ಕಾಣುತ್ತದೆ. ಅದು ಸಹಜವೆಂಬಂತೆ ಕಾಣುವುದೇ ನಾಗರತ್ನಮ್ಮನವರ ಗೆಲುವು. ಅವರು ಅಷ್ಟಕ್ಕೇ ನಂಬಿ ಕೂರಲಿಲ್ಲ ಅನ್ನುವುದನ್ನೂ ಹೇಳಬೇಕು. ತಮ್ಮ ಆಸ್ತಿಯನ್ನು ಸಮಾಧಿಗೆ ಬಿಟ್ಟುಕೊಡುವ ಉಯಿಲಿನಲ್ಲಿ ಹೆಂಗಸರ ಹಾಡುವ ಹಕ್ಕನ್ನೂ ಬರೆಸಿ ನೋಂದಣಿ ಮಾಡಿಸಿದರು. ಕೋರ್ಟು ಕಚೇರಿಯ ಭಾಷೆಯಲ್ಲಿ ಬರೆದಿಡದ ಸ್ನೇಹ ಎಷ್ಟು ದಿನ ಬಾಳುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಹೆಣ್ಣು ಹೆಣ್ಣಿಗೆ ಒದಗಿಬಂದ ಕಥೆಗಳನ್ನು ಹೇಳುವಾಗ ಎಲ್ಲವೂ ಹಾಲುಜೇನು ಎಂಬಂತೆ ಮಾತು ಜಾರುವುದುಂಟು. ಹಾಗಿರಲಿಲ್ಲ. ಮದ್ರಾಸ್ ಶಾಸನ ಸಭೆಯಲ್ಲಿ ದೇವದಾಸಿ ಪದ್ಧತಿಯನ್ನು ನಿಲ್ಲಿಸಲು ಹೋರಾಡಿದ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರ ತಾಯಿ ಚಂದ್ರಮ್ಮಾಳ್ ಕೂಡ ಅದೇ ಕುಲದಿಂದ ಬಂದವರು. ಆ ಮಸೂದೆಯನ್ನು ವಿರೋಧಿಸಿ ಮನವಿ ಕೊಟ್ಟ ದೇವದಾಸಿಯರ ಮುಂದಾಳುಗಳಲ್ಲಿ ನಾಗರತ್ನಮ್ಮನವರೂ ಇದ್ದರು. ಒಬ್ಬರು ಕಂಡದ್ದು ಮಕ್ಕಳನ್ನು ದೂಡುವ ಕೂಪವನ್ನು, ಇನ್ನೊಬ್ಬರು ಕಂಡದ್ದು ಆಸ್ತಿಯ ಹಕ್ಕು, ವಿದ್ಯೆ ಎರಡನ್ನೂ ಹೆಣ್ಣಿನ ಕೈಯಲ್ಲಿಟ್ಟಿದ್ದ ಮನೆತನವನ್ನು. ಕಾನೂನು ಬಂದದ್ದು 1947ರಲ್ಲಿ. ಅದು ಬರಬೇಕಾಗಿತ್ತು, ಅದರ ಜೊತೆಗೆ ಆ ಹೆಂಗಸರ ಕಲೆಯನ್ನು ಬೇರೆಯವರು ಎತ್ತಿಕೊಂಡು ಹೋದದ್ದೂ ನಿಜ. ಇಬ್ಬರಲ್ಲಿ ಯಾರು ಸರಿ ಎಂದು ಒಂದೇ ಮಾತಿನಲ್ಲಿ ಹೇಳುವವರನ್ನು ನಂಬದಿರುವುದು ಒಳ್ಳೆಯದು.

ನಂಜನಗೂಡಿಗೆ ಮರಳಬೇಕು. ನಾಗರತ್ನಮ್ಮ ಹುಟ್ಟಿ ಒಂಬತ್ತು ವರ್ಷಕ್ಕೆ, 1887ರಲ್ಲಿ, ಅದೇ ಊರಿನಲ್ಲಿ ತಿರುಮಲಾಂಬಾ ಹುಟ್ಟಿದರು. ತಂದೆ ವೆಂಕಟಕೃಷ್ಣ ಅಯ್ಯಂಗಾರ್ ವಕೀಲರು. ಹತ್ತಕ್ಕೆ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ಒಂದೇ ಕಪಿಲೆಯ ನೀರು ಕುಡಿದ ಎರಡು ಮನೆಗಳು. ಒಂದು ಮನೆಯ ಮಗಳು ನಿತ್ಯಸುಮಂಗಲಿ ಎನ್ನಿಸಿಕೊಳ್ಳುವ ಕುಲದವಳು, ಇನ್ನೊಂದು ಮನೆಯ ಮಗಳಿಗೆ ಕುಂಕುಮವೇ ನಿಷಿದ್ಧ. ಸಮಾಜ ಒಬ್ಬಳನ್ನು ಮಂಗಳಕ್ಕೆ ಕರೆದು ಮನೆಯೊಳಗೆ ಬಿಟ್ಟುಕೊಳ್ಳದು. ಇನ್ನೊಬ್ಬಳನ್ನು ಮನೆಯೊಳಗೆ ಇಟ್ಟುಕೊಂಡು ಮಂಗಳಕ್ಕೆ ಕರೆಯದು. ಇಬ್ಬರೂ ಗೃಹಿಣಿಯೆಂಬ ಪಟ್ಟದಿಂದ ಹೊರಗೆ ಉಳಿದವರು. ಬರೆಯಲು, ಓದಲು, ಅಚ್ಚು ಹಾಕಿಸಲು ಇಬ್ಬರಿಗೂ ಹೊತ್ತು ಸಿಕ್ಕಿದ್ದು ಈ ಹೊರಗಿನಿಂದಲೇ ಎಂದರೆ ಕಟುವಾಗಿ ಕೇಳಬಹುದು, ಸುಳ್ಳಲ್ಲ.

ತಿರುಮಲಾಂಬಾ ಮೊದಲು ಮಾಡಿದ್ದು ಕಥೆ ಹೇಳುವ ಕೆಲಸ. ಅಕ್ಕಪಕ್ಕದ ಮನೆಯ ಹೆಂಗಸರು, ಮಕ್ಕಳು ಸೇರುತ್ತಿದ್ದರು. ಓದಿದ್ದನ್ನು ಹೇಳುತ್ತಿದ್ದರು, ಹೇಳುತ್ತ ಹೇಳುತ್ತ ತಾವೇ ಕಟ್ಟತೊಡಗಿದರು. ಮಧ್ಯಾಹ್ನದ ಊಟ ಮುಗಿದು, ಪಾತ್ರೆ ಬೋರಲು ಹಾಕಿ, ಸಂಜೆಯ ದೀಪಕ್ಕೆ ಇನ್ನೂ ಹೊತ್ತಿರುವಾಗ ಹಿತ್ತಲ ಜಗಲಿಯಲ್ಲಿ ಸಿಗುವ ಬಿಡುವು ಎಷ್ಟು ಎಂಬುದು ಗೊತ್ತಿದ್ದವರಿಗೆ ಆ ಕಥೆಗಳ ಅಳತೆಯೂ ಗೊತ್ತಾಗುತ್ತದೆ. ಮುಂದೇನಾಯಿತು ಎಂದು ನಾಳೆ ಬಂದು ಕೇಳುವ ಹೆಂಗಸು ಇಲ್ಲದಿದ್ದರೆ ಕನ್ನಡಕ್ಕೆ ಈ ಕಾದಂಬರಿಗಾರ್ತಿ ಸಿಗುತ್ತಿರಲಿಲ್ಲ. 1913ರಲ್ಲಿ ‘ಸತೀ ಹಿತೈಷಿಣಿ’ ಗ್ರಂಥಮಾಲೆ ಶುರುವಾಯಿತು, ‘ಸುಶೀಲೆ’ ಬಂತು. ಮೊದಲನೆಯ ಮಹಾಯುದ್ಧದ ದಿನಗಳಲ್ಲಿ ‘ಕರ್ನಾಟಕ ನಂದಿನಿ’ ಮಾಸಪತ್ರಿಕೆ ಬಂತು. ಕನ್ನಡದಲ್ಲಿ ಹೆಂಗಸೊಬ್ಬರು ಸಂಪಾದಕಿಯಾಗಿ ಹೆಂಗಸರಿಗಾಗಿ ನಡೆಸಿದ ಪತ್ರಿಕೆಗಳ ಮೊದಲ ಸಾಲಿನದು.

ಅದರ ಹಿಂದೆಯೇ ಆರ್. ಕಲ್ಯಾಣಮ್ಮನವರ ‘ಸರಸ್ವತಿ’ ಬಂದು ನಲವತ್ತು ವರ್ಷ ಮೀರಿ ನಡೆಯಿತು. ಅವರೂ ಬಾಲವಿಧವೆ. ಶಾರದಾ ಸ್ತ್ರೀ ಸಮಾಜ, ಮಕ್ಕಳ ಕೂಟ ಎರಡೂ ಅವರು ಕಟ್ಟಿದ್ದೇ. ಕಲ್ಯಾಣಮ್ಮನವರ ಪತ್ರಿಕೆ ಬಾಳಿತು, ತಿರುಮಲಾಂಬಾ ಅವರದು ಬಾಳಲಿಲ್ಲ. ಇದಕ್ಕೆ ಪ್ರತಿಭೆಯ ಹೆಚ್ಚುಕಡಿಮೆ ಕಾರಣವಲ್ಲ. ಕಲ್ಯಾಣಮ್ಮನವರ ಸುತ್ತ ಸಮಾಜವಿತ್ತು, ಕಟ್ಟಡವಿತ್ತು, ಸಂಜೆ ಬಂದು ಹೋಗುವ ಹತ್ತಾರು ಜನರಿದ್ದರು. ತಿರುಮಲಾಂಬಾ ಬರವಣಿಗೆಯಿಂದ ದೂರ ಸರಿದರು, 1982ರವರೆಗೂ ಬದುಕಿದ್ದರು. ಅಷ್ಟು ದೀರ್ಘ ಮೌನದ ಹೊಣೆಯನ್ನು ಅವರೊಬ್ಬರ ತಲೆಗೇ ಕಟ್ಟಿದರೆ ಅನ್ಯಾಯವಾದೀತು.

ಅಕ್ಷರ ಬಾರದ ಹೆಂಗಸರು ಕೂಡಿ ಕಟ್ಟಿದ್ದು ಇದಕ್ಕಿಂತ ಎಷ್ಟೋ ಹಳೆಯದು. ಬೀಸುವ ಕಲ್ಲಿನ ಗೂಟಕ್ಕೆ ಎದುರುಬದುರು ಕೂತ ಇಬ್ಬರ ಕೈ ಬೀಳುತ್ತದೆ. ಒಬ್ಬಳು ಸಾಲು ಎತ್ತುತ್ತಾಳೆ, ಇನ್ನೊಬ್ಬಳು ಹಿಡಿಯುತ್ತಾಳೆ, ತ್ರಿಪದಿ ಮುಗಿಯುವಷ್ಟರಲ್ಲಿ ಯಾವ ಮಾತು ಯಾರದೆಂದು ಹೇಳಲು ಬರುವುದಿಲ್ಲ. ಇಂಥ ಹಾಡುಗಳನ್ನು ಸಂಗ್ರಹಿಸಿ ಹಲಸಂಗಿಯ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಮಧುರಚೆನ್ನ, ಕಾಪಸೆ ರೇವಪ್ಪ, ಧೂಲಾಸಾಹೇಬ ಈ ಹೆಸರುಗಳನ್ನು ಸಾಹಿತ್ಯದ ವಿದ್ಯಾರ್ಥಿಗಳು ಪರೀಕ್ಷೆಗೆ ಬಾಯಿಪಾಠ ಮಾಡುತ್ತಾರೆ. ಹಾಡಿದ ಗರತಿಯರು ಯಾರು ಎಂದು ಪ್ರಶ್ನೆಪತ್ರಿಕೆ ಕೇಳುವುದಿಲ್ಲ.

ಪುಟ ಹುಡುಕುವ ಕೆಲಸ ಮತ್ತೆ ಜೋರಾದದ್ದು ಹೈದರಾಬಾದಿನಲ್ಲಿ. 1970ರ ದಶಕದ ಕೊನೆಗೆ ಅಲ್ಲಿ ಹುಟ್ಟಿದ ಸ್ತ್ರೀಶಕ್ತಿ ಸಂಘಟನೆಯ ಗೆಳತಿಯರು ಟೇಪ್ ರೆಕಾರ್ಡರ್ ಹಿಡಿದು, ತೆಲಂಗಾಣದ ಸಶಸ್ತ್ರ ರೈತ ಹೋರಾಟದಲ್ಲಿದ್ದ ಹೆಂಗಸರನ್ನು ಹುಡುಕಿಕೊಂಡು ಹಳ್ಳಿ ಹಳ್ಳಿ ತಿರುಗಿದರು. ಚಿತ್ಯಾಲ ಐಲಮ್ಮ, ಮಲ್ಲು ಸ್ವರಾಜ್ಯಂ ಮುಂತಾದವರ ಮಾತನ್ನು ಅವರು ಆಡಿದಂತೆಯೇ ಇಳಿಸಿ 1986ರಲ್ಲಿ ‘ಮನಕು ತೆಲಿಯನಿ ಮನ ಚರಿತ್ರ’ ಎಂದು ಪ್ರಕಟಿಸಿದರು. ಪುಸ್ತಕದ ಮೇಲೆ ಕರ್ತೃವಿನ ಜಾಗದಲ್ಲಿ ಸಂಘಟನೆಯ ಹೆಸರು. ಹೋರಾಟದ ಅಧಿಕೃತ ಚರಿತ್ರೆಯಲ್ಲಿ ಈ ಹೆಂಗಸರು ಅಡುಗೆ ಮಾಡಿ ಬಡಿಸಿದವರು, ಸುದ್ದಿ ಮುಟ್ಟಿಸಿದವರು; ಈ ಪುಸ್ತಕದಲ್ಲಿ ಅವರು ಕಾಡಿನಲ್ಲಿ ಹೆತ್ತದ್ದನ್ನು, ಹೋರಾಟ ಮುಗಿದ ಮೇಲೆ ಕಮ್ಯುನಿಸ್ಟ್ ಪಕ್ಷ ತಮ್ಮನ್ನು ಮನೆಗೆ ಕಳಿಸಿದ್ದನ್ನು ಎಲ್ಲ ಹೇಳಿದರು. ಆ ಮಾತು ಅವರು ಗಂಡಸರ ಮುಂದೆ ಆಡುತ್ತಿದ್ದರೋ ಇಲ್ಲವೋ, ಹೆಂಗಸರ ಮುಂದೆ ಆಡಿದರು.

ಅದೇ ಗುಂಪಿನ ಸೂಸಿ ತಾರು ಮತ್ತು ಕೆ. ಲಲಿತಾ ಮುಂದೆ ‘ವಿಮೆನ್ ರೈಟಿಂಗ್ ಇನ್ ಇಂಡಿಯಾ’ ಎಂಬ ಎರಡು ಸಂಪುಟಗಳನ್ನು 1991 ಮತ್ತು 1993ರಲ್ಲಿ ತಂದರು. ಹನ್ನೊಂದು ಭಾಷೆ, ಎರಡೂವರೆ ಸಾವಿರ ವರ್ಷ. ಇಬ್ಬರ ಹೆಸರಿದ್ದರೂ ಭಾಷೆ ಭಾಷೆಗೂ ಹೋಗಿ ಹಳೆಯ ಪತ್ರಿಕೆಗಳ ಧೂಳು ಕೊಡವಿದವರ ದೊಡ್ಡ ಬಳಗವೇ ಅದರ ಹಿಂದಿದೆ. ಮುದ್ದುಪಳನಿಯ ಹೆಸರನ್ನು ಅವರು ಕೇಳಿದ್ದು ಪಂಡಿತರ ಬೈಗುಳದಲ್ಲಿ. ಬೈದವರಲ್ಲಿ ಅನೇಕರು ಪುಸ್ತಕವನ್ನೇ ಓದಿರಲಿಲ್ಲ. ನಾಗರತ್ನಮ್ಮನವರ ಪ್ರತಿ ಸಿಗಲು ಬಹಳ ಹುಡುಕಬೇಕಾಯಿತು. ಮೊದಲ ಸಂಪುಟದಲ್ಲಿ ಅಕ್ಕಮಹಾದೇವಿ, ಸೂಳೆ ಸಂಕವ್ವ, ಸಂಚಿ ಹೊನ್ನಮ್ಮ, ಮುದ್ದುಪಳನಿ ಎಲ್ಲ ಇದ್ದಾರೆ. ನಂಜನಗೂಡಿನ ತಿರುಮಲಾಂಬಾ ಕೂಡ ಇದ್ದಾರೆ. ಊರಿನಲ್ಲಿ ಎದುರುಬದುರಾಗದ ಎರಡು ಬೀದಿಗಳು ಹೈದರಾಬಾದಿನ ಹೆಂಗಸರು ಕಟ್ಟಿದ ಒಂದು ಪುಸ್ತಕದಲ್ಲಿ ಕೂಡಿದವು.

ಈ ಹೈದರಾಬಾದಿನ ಗುಂಪಿನ ಜೊತೆ ಸಿನಿಮಾ ಮಾಡಿದವರು ಬೆಂಗಳೂರಿನವರು. 1980ರಲ್ಲಿ ದೀಪಾ ಧನರಾಜ್, ಆಭಾ ಭೈಯಾ, ಮೀರಾ ರಾವ್ ಸೇರಿ ‘ಯುಗಾಂತರ್’ ಎಂಬ ಚಿತ್ರತಂಡ ಕಟ್ಟಿದರು. ಕ್ಯಾಮೆರಾ ಹಿಡಿದವರು ನವರೋಜ್ ಕಾಂಟ್ರಾಕ್ಟರ್. ಹೌದು, ಗಂಡಸರು. ಬಿಡಾರಂ ಕೃಷ್ಣಪ್ಪನವರು ಸುದ್ದಿ ಮುಟ್ಟಿಸದಿದ್ದರೆ ತಿರುವೈಯಾರಿನ ಗುಡಿಯೂ ಇರುತ್ತಿರಲಿಲ್ಲ, ಆದ್ದರಿಂದ ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಮೂರು ವರ್ಷದಲ್ಲಿ ನಾಲ್ಕು ಚಿತ್ರಗಳಾದವು. ಪುಣೆಯ ಮನೆಗೆಲಸದವರು ಸಂಘಟಿತರಾದ ಕಥೆ ‘ಮೋಲ್ಕರೀಣ್’, ಚಿಪ್ಕೋ ಚಳವಳಿಯ ಒಬ್ಬ ಪಹಾಡಿ ಹೆಣ್ಣುಮಗಳ ಕಥೆ ‘ಸುದೇಶಾ’. ಸ್ತ್ರೀಶಕ್ತಿ ಸಂಘಟನೆಯ ಜೊತೆ ಮಾಡಿದ ‘ಇದಿ ಕಥಾ ಮಾತ್ರಮೇನಾ’ ಮನೆಯೊಳಗಿನ ಹಿಂಸೆಯದು. ಸಂಘಟನೆಯ ಸಭೆಗಳಲ್ಲಿ ಹೊರಬಂದ ಮಾತುಗಳಿಂದಲೇ ಕಥೆ ಬೆಳೆಸಿ, ಸದಸ್ಯೆಯರೇ ಪಾತ್ರ ಮಾಡಿದರು.

ನಾಲ್ಕನೆಯದು ಕರ್ನಾಟಕದ್ದು. ‘ತಂಬಾಕು ಚಾಕಿಲಾ ಊಬ ಆಲಿ’, 1982, ಇಪ್ಪತ್ತೈದು ನಿಮಿಷ, ಮರಾಠಿ. ನಡೆದದ್ದು ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಲ್ಲಿ.

ನಿಪ್ಪಾಣಿ ಬೀಡಿ ತಂಬಾಕಿನ ಊರು. ವಖಾರಿಗಳಲ್ಲಿ ಒಣಗಿದ ಎಲೆಯನ್ನು ಕುಟ್ಟುವುದು, ಜರಡಿ ಹಿಡಿಯುವುದು, ಕಸ ಕಡ್ಡಿ ಬೇರೆ ಮಾಡುವುದು ಹೆಂಗಸರ ಕೆಲಸ. ತಂಬಾಕಿನ ಘಾಟು ಕಣ್ಣು ಮೂಗು ಗಂಟಲಿಗೆ ಇಳಿಯುತ್ತದೆ, ಸೆರಗನ್ನು ಮುಖಕ್ಕೆ ಬಿಗಿದುಕೊಂಡರೂ ತಡೆಯುವುದಿಲ್ಲ. ಮನೆಗೆ ಹೋದ ಮೇಲೂ ಸೀರೆಯಲ್ಲಿ, ಕೂದಲಲ್ಲಿ ಅದೇ ಘಾಟು. ಕೂಲಿ ಕಾನೂನು ಹೇಳಿದ್ದಕ್ಕಿಂತ ಬಹಳ ಕಡಿಮೆ. ಇಂಥ ಊರಿನಲ್ಲಿ ಸಾವಿರಾರು ಹೆಂಗಸರು ಯೂನಿಯನ್ ಕಟ್ಟಿ ಮುಷ್ಕರ ಹೂಡಿದರು.

ಯುಗಾಂತರದವರು ಬಂದ ಕೂಡಲೇ ಕ್ಯಾಮೆರಾ ತೆರೆಯಲಿಲ್ಲ. ನಾಲ್ಕು ತಿಂಗಳು ಆ ಹೆಂಗಸರ ಜೊತೆ ಮಾತಾಡಿದರು, ಅದಕ್ಕಿಂತ ಹೆಚ್ಚು ಕೇಳಿದರು. ಏನನ್ನು ತೋರಿಸಬೇಕು ಎನ್ನುವುದು ಕೂಡಿ ತೀರ್ಮಾನವಾಯಿತು. ಹೊರಗಿನವರ ಕ್ಯಾಮೆರಾ ಕಂಡಿರದ ವಖಾರಿಯ ಒಳಗಿನ ಕೆಲಸ ಚಿತ್ರೀಕರಣವಾಯಿತು. ಆಗಿಹೋಗಿದ್ದ ಮುಷ್ಕರದ ಘಟನೆಗಳನ್ನು ಕೆಲಸಗಾರ್ತಿಯರೇ ಮತ್ತೆ ಅಭಿನಯಿಸಿದರು: ಸಭೆ ಹೇಗೆ ಸೇರಿದೆವು, ಮೊದಲು ಎದ್ದು ನಿಂತವಳು ಯಾರು, ಉಳಿದವರು ಹೇಗೆ ಹಿಂದೆ ಬಂದರು. ಒಮ್ಮೆ ಬದುಕಿ ದಾಟಿದ್ದನ್ನು ಎರಡನೆಯ ಸಲ ತಾವೇ ಆಡಿ ತೋರಿಸುವಾಗ ಆ ಹೆಂಗಸರು ಬರಿಯ ಮಾಹಿತಿ ಕೊಡುವವರಾಗಿ ಉಳಿಯುವುದಿಲ್ಲ. ಚಿತ್ರಕಥೆ ಅವರದೂ ಆಗುತ್ತದೆ. ಹದಿನಾರು ಮಿ.ಮೀ. ರೀಲು, ಪ್ರೊಜೆಕ್ಟರ್ ಹೊತ್ತುಕೊಂಡು ಈ ಚಿತ್ರಗಳನ್ನು ಕೇರಿಗಳಲ್ಲಿ, ಯೂನಿಯನ್ ಸಭೆಗಳಲ್ಲಿ ತೋರಿಸಿದರು. ಚಿತ್ರ ಮುಗಿದ ಮೇಲೆ ಮಾತು. ಪುಣೆಯ ಪಾತ್ರೆ ತೊಳೆಯುವವಳು ಮಾಡಿದ್ದನ್ನು ಇನ್ನೊಂದೂರಿನ ಕೂಲಿಯವಳು ನೋಡಿ ಲೆಕ್ಕ ಹಾಕಿದಳು.

ಇದೇ ಹೆಂಗಸರ ಬಗ್ಗೆ ಛಾಯಾ ದಾತಾರ್ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ಬರೆದರು, 1989ರಲ್ಲಿ ಕಾಳಿ ಫಾರ್ ವಿಮೆನ್ ಪ್ರಕಟಿಸಿತು. ಚಿತ್ರಗಳನ್ನು ಬರ್ಲಿನ್ನಿನ ಆರ್ಸೆನಲ್ ಸಂಸ್ಥೆ ದುರಸ್ತಿ ಮಾಡಿ ಡಿಜಿಟಲ್ ರೂಪಕ್ಕೆ ತಂದಿದೆ. ಈಗ ಹೊರದೇಶದ ಚಿತ್ರೋತ್ಸವಗಳಲ್ಲಿ ಅವುಗಳಿಗೆ ಗೌರವದ ಜಾಗವಿದೆ. ಬೆಂಗಳೂರಿನ ತಂಡ, ಬೆಳಗಾವಿ ಜಿಲ್ಲೆಯ ಹೆಂಗಸರು. ಭಾಷೆ ಮರಾಠಿಯಾದ್ದರಿಂದಲೋ, ಚಿತ್ರ ಇಪ್ಪತ್ತೈದೇ ನಿಮಿಷದ್ದೆಂದೋ, ಕರ್ನಾಟಕದಲ್ಲಿ ಸಿನಿಮಾದ ಮಾತು ಬಂದಾಗ ನಿಪ್ಪಾಣಿಯ ನೆನಪಾಗುವುದು ಅಪರೂಪ. ಗಡಿಯ ಜಗಳದಲ್ಲಿ ಮಾತ್ರ ಅದು ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ.

ತೀರ ಈಚಿನ ಉದಾಹರಣೆ ಎಲ್ಲರ ಬಾಯಲ್ಲೂ ಇದೆ. 2025ರ ಮೇ 20ರಂದು ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕೆ ಬಂತು. ಹಾಸನದ ಬಾನು ಮುಷ್ತಾಕ್ ಬರೆದ ಕಥೆಗಳು, ಮಡಿಕೇರಿಯ ದೀಪಾ ಭಾಸ್ತಿ ಅವರ ಅನುವಾದ. ಊರೂರಲ್ಲಿ ಸನ್ಮಾನ, ಮೆರವಣಿಗೆ, ಫ್ಲೆಕ್ಸ್ ಎಲ್ಲ ಆದವು. ಹನ್ನೆರಡು ಕಥೆಗಳನ್ನು ಆರಿಸಿದವರು ದೀಪಾ. ಮೂವತ್ತಕ್ಕೂ ಹೆಚ್ಚು ವರ್ಷಗಳ ಕಥೆಗಾರಿಕೆಯಲ್ಲಿ ಯಾವುದು ಯಾವುದರ ಪಕ್ಕ ಕೂರಬೇಕು ಎಂದು ತೀರ್ಮಾನಿಸುವುದು ಗುಮಾಸ್ತಗಿರಿಯಲ್ಲ. ಕನ್ನಡ, ದಖನಿ, ಅರಬ್ಬಿ ಮಾತುಗಳನ್ನು ಓರೆ ಅಕ್ಷರಕ್ಕೂ ಅಡಿಟಿಪ್ಪಣಿಗೂ ತಳ್ಳದೆ ಇಂಗ್ಲಿಷಿನ ನಡುವೆಯೇ ನಿಲ್ಲಿಸಿದ್ದೂ ಅವರದೇ ನಿರ್ಧಾರ. ಅದಕ್ಕೆ ಮುಂಚೆ ದೀಪಾ ತಮ್ಮೂರಿನವರೇ ಆದ ಕೊಡಗಿನ ಗೌರಮ್ಮನವರ ಕಥೆಗಳನ್ನು ಅನುವಾದಿಸಿದ್ದರು. ಗೌರಮ್ಮ 1939ರಲ್ಲಿ, ಇಪ್ಪತ್ತೇಳರ ವಯಸ್ಸಿನಲ್ಲಿ, ನೀರಿನಲ್ಲಿ ಮುಳುಗಿ ತೀರಿಕೊಂಡವರು. ಒಬ್ಬ ಮಡಿಕೇರಿಯವರ ಮೇಲೆ ಪಳಗಿದ ಕೈ ಹಾಸನದವರ ಕಥೆಗೆ ಬಂತು.

ಬೂಕರಿನವರ ಒಂದು ನಿಯಮವನ್ನು ಮಾತ್ರ ಮನಸ್ಸಿಗೆ ಹಾಕಿಕೊಳ್ಳಬೇಕು. 50,000 ಪೌಂಡ್ ಬಹುಮಾನ ಲೇಖಕರಿಗೂ ಅನುವಾದಕರಿಗೂ ಸರಿಪಾಲು. ಚೆಕ್ಕಿನಲ್ಲೇ ಪಾಲು ಬರೆದಿರುವುದರಿಂದ ಎರಡನೆಯ ಹೆಸರು ಉದುರಿಹೋಗುವಂತಿಲ್ಲ. ಆದರೂ ಇಲ್ಲಿನ ಎಷ್ಟೋ ಫ್ಲೆಕ್ಸುಗಳಲ್ಲಿ ಒಂದೇ ಫೋಟೋ ಇತ್ತು.

ದುಡ್ಡಿನ ಜೊತೆ ಹೆಸರು ಉಳಿಸುವ ದಾರಿ ಇಲ್ಲೂ ಇದೆ. ಕರ್ನಾಟಕ ಲೇಖಕಿಯರ ಸಂಘ 1979ರಲ್ಲಿ ಹುಟ್ಟಿತು. ಅದರಲ್ಲೂ ಸಾಹಿತ್ಯ ಪರಿಷತ್ತಿನಲ್ಲೂ ಇರುವ ದತ್ತಿಗಳನ್ನು ನೋಡಿದರೆ ತಾಯಿಯ ಹೆಸರಿನಲ್ಲಿ, ಅಕ್ಕನ ಹೆಸರಿನಲ್ಲಿ, ಪಾಠ ಹೇಳಿದ ಮೇಡಂ ಹೆಸರಿನಲ್ಲಿ ಇಟ್ಟ ಠೇವಣಿಗಳು ಸಾಕಷ್ಟು ಸಿಗುತ್ತವೆ. ಪಿಂಚಣಿಯಲ್ಲಿ ಉಳಿಸಿದ ದುಡ್ಡು, ಮಾರಿದ ಬಳೆಯ ದುಡ್ಡು. ಗೊತ್ತಿಲ್ಲದ ಯಾವಳೋ ಮುಂದೆ ಬರೆಯಲಿ, ಮಾತಾಡಲಿ ಎಂದು ಇಟ್ಟದ್ದು. ಬ್ಯಾಂಕಿನ ಬಡ್ಡಿ ಇಳಿದ ಹಾಗೆಲ್ಲ ಅದರಿಂದ ಒಂದು ಶಾಲು, ಒಂದು ಹಾರ, ಬಂದವರಿಗೆ ಉಪ್ಪಿಟ್ಟು ಕಾಫಿ ಇಷ್ಟರಲ್ಲೇ ಮುಗಿಯುವ ಪರಿಸ್ಥಿತಿ ಬಂದಿದೆ. ಆ ಸಣ್ಣ ಬಡ್ಡಿಯನ್ನು ಬೇರೆ ಥರ ಖರ್ಚು ಮಾಡಬಹುದು. ಎರಡು ಮೂರು ದತ್ತಿಗಳನ್ನು ಸೇರಿಸಿದರೆ ಬೀದರಿನ ಒಬ್ಬಳು, ಸುಳ್ಯದ ಒಬ್ಬಳು ಒಂದೇ ಊರಿಗೆ ಬಂದು ಒಂದು ವಾರ ಕೂತು ಕೆಲಸ ಮಾಡುವಷ್ಟು ಬಸ್ ಚಾರ್ಜು, ಊಟ, ಕೋಣೆಯ ಬಾಡಿಗೆ ಹುಟ್ಟುತ್ತದೆ. ಕೆಲಸಕ್ಕೂ ಬರವಿಲ್ಲ. ‘ಕರ್ನಾಟಕ ನಂದಿನಿ’ಯ, ‘ಸರಸ್ವತಿ’ಯ ಹಳೆಯ ಸಂಚಿಕೆಗಳಿಗೆ ಲೇಖಕಿಯರ ಹೆಸರಿನ ಸೂಚಿ ಬೇಕು, ಹಾಡಿದವರು ಬದುಕಿರುವಾಗಲೇ ಬೀಸುವ ಪದಗಳನ್ನು ಹೆಸರು, ಊರು ಸಮೇತ ಧ್ವನಿಮುದ್ರಿಸಬೇಕು, ನಿಪ್ಪಾಣಿಯ ಚಿತ್ರಕ್ಕೆ ಕನ್ನಡದ ಅಡಿಬರಹ ಹಾಕಿ ನಿಪ್ಪಾಣಿಯಲ್ಲೇ ಒಮ್ಮೆ ತೋರಿಸಬೇಕು. ಸಂಘದ ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಇದು ಚರ್ಚೆಗೆ ಬಂದರೆ, ಇಂಥ ಕೆಲಸಕ್ಕೆ ಹಣ ಕೇಳುವ ಅರ್ಜಿ ನಮೂನೆಯನ್ನು ಇಬ್ಬರು ಸಹಿ ಹಾಕುವಂತೆ ಅಚ್ಚು ಹಾಕಿಸುವುದರಿಂದ ಶುರುಮಾಡಬಹುದು.